ಮಾರುವುದಕ್ಕೋ, ಓಡಿಸುವುದಕ್ಕೋ?

ಮುಂದಿನ ಭಾನುವಾರ ದೇವಾಲಯದಿಂದ ಹೊರಬರುವಾಗ ಆವರಣದಲ್ಲಿ ಸಾಲಾಗಿ ನಿಂತ ಕಾರುಗಳ ಮುಂಭಾಗವನ್ನೊಮ್ಮೆ ಗಮನಿಸಿ ನೋಡಿ. ಹೊಸ ಕಾರುಗಳ ಹೆಡ್‌ಲೈಟ್‌ಗಳು ತಿಳಿನೀರಿನಂತೆ ನಿರ್ಮಲವಾಗಿರುತ್ತವೆ. ಹತ್ತು ಹನ್ನೆರಡು ವರ್ಷ ಕಂಡ ಕಾರುಗಳ ಹೆಡ್‌ಲೈಟ್‌ಗಳ ಮೇಲೆ ಹಳದಿ ಬೆರೆತ ಮಂಜು ಕವಿದಿರುತ್ತದೆ; ಪೊರೆ ಬಂದ ಕಣ್ಣುಗಳನ್ನು ಅವು ನೆನಪಿಗೆ ತರುತ್ತವೆ. ಒದ್ದೆ ಬಟ್ಟೆಯಿಂದ ಎಷ್ಟು ಒರೆಸಿದರೂ ಆ ಮಂಜು ಹೋಗುವುದಿಲ್ಲ. ಈ ಸಣ್ಣ ದೋಷವೂ ಅದನ್ನು ಸರಿಪಡಿಸುವ ಅಷ್ಟೇ ಸಣ್ಣ ಕೆಲಸವೂ ನನ್ನನ್ನು ಒಂದು ದೊಡ್ಡ ಪ್ರಶ್ನೆಯ ಎದುರು ನಿಲ್ಲಿಸಿದವು. ಆ ಪ್ರಶ್ನೆಗೆ ನಾನು ಮೊದಲು ಕೊಟ್ಟ ಉತ್ತರ ತಪ್ಪಾಗಿತ್ತು. ಅದನ್ನು ತಮ್ಮ ಮುಂದಿಟ್ಟು, ತಮ್ಮೊಂದಿಗೆ ಕುಳಿತು ಯೋಚಿಸಬೇಕೆಂಬುದೇ ಈ ಬರಹದ ಉದ್ದೇಶ.

ಹಳೆಯ ಅಂಬಾಸಿಡರ್, ಪ್ರೀಮಿಯರ್ ಪದ್ಮಿನಿ ಕಾರುಗಳನ್ನು ಕಂಡವರಿಗೆ ಅವುಗಳ ದುಂಡನೆಯ ಗಾಜಿನ ದೀಪಗಳು ನೆನಪಿರಬಹುದು. ಕಲ್ಲು ಬಡಿದರೆ ಆ ಗಾಜು ಒಡೆಯುತ್ತಿತ್ತು. ಆದರೆ ಬಿಸಿಲಿಗೆ ಹಳದಿಯಾಗುತ್ತಿರಲಿಲ್ಲ. ಇಂದಿನ ಕಾರುಗಳಲ್ಲಿ ಗಾಜಿನ ಸ್ಥಾನವನ್ನು ಪಾಲಿಕಾರ್ಬೊನೇಟ್ ಎಂಬ ಪ್ಲಾಸ್ಟಿಕ್ ಪಡೆದುಕೊಂಡಿದೆ. 1953ರಲ್ಲಿ ಜರ್ಮನಿಯ ಬೇಯರ್ ಸಂಸ್ಥೆಯ ಹರ್ಮನ್ ಶ್ನೆಲ್ ಮತ್ತು ಅಮೆರಿಕದ ಜನರಲ್ ಎಲೆಕ್ಟ್ರಿಕ್ ಸಂಸ್ಥೆಯ ಡೇನಿಯಲ್ ಫಾಕ್ಸ್, ಇಬ್ಬರೂ ಬೇರೆ ಬೇರೆಯಾಗಿ ಇದನ್ನು ರೂಪಿಸಿದರು. ಇದು ಹಗುರ, ಬೇಕಾದ ಆಕಾರಕ್ಕೆ ಒಗ್ಗುವಂಥದು, ಹೊಡೆತವನ್ನು ತಾಳಿಕೊಳ್ಳುವ ಶಕ್ತಿ ಇದಕ್ಕೆ ಅಪಾರ. ಆದರೆ ಇದರ ಮೇಲ್ಮೈ ಮೃದು. ಸೂರ್ಯನ ನೇರಳಾತೀತ ಕಿರಣಗಳನ್ನು ಇದು ಬಹುಕಾಲ ಸಹಿಸಲಾರದು. ಆದ್ದರಿಂದಲೇ ಕಾರ್ಖಾನೆಯಲ್ಲಿ ಇದರ ಮೇಲೆ ಕಣ್ಣಿಗೆ ಕಾಣದಷ್ಟು ತೆಳ್ಳನೆಯ, ಗಟ್ಟಿಯಾದ ರಕ್ಷಾಲೇಪವೊಂದನ್ನು ಹಚ್ಚಿ ಕಳುಹಿಸುತ್ತಾರೆ.

ನಮ್ಮ ಬೆಂಗಳೂರಿನ ಹವೆ ತಂಪೆಂದು ನಾವು ಹೆಮ್ಮೆಯಿಂದ ಹೇಳಿಕೊಂಡರೂ, ಸಮುದ್ರಮಟ್ಟದಿಂದ ಸುಮಾರು 900 ಮೀಟರ್ ಎತ್ತರದ ಈ ಊರಿನಲ್ಲಿ ಬಿಸಿಲಿನ ನೇರಳಾತೀತ ಕಿರಣಗಳು ತೀಕ್ಷ್ಣವಾದವು. ಮನೆಯಲ್ಲಿ ಕಾರು ನಿಲ್ಲಿಸಲು ಜಾಗವಿಲ್ಲದೆ ಬೀದಿಯಲ್ಲಿಯೇ ಬಿಡುವವರು ನಮ್ಮಲ್ಲಿ ಎಷ್ಟು ಮಂದಿ! ಹಾಗೆ ನಿಂತ ಕಾರಿನ ಹೆಡ್‌ಲೈಟ್ ಮೇಲಿನ ರಕ್ಷಾಲೇಪ ಬಿಸಿಲಿಗೆ ಬಿರಿಯುತ್ತದೆ, ಧೂಳಿಗೆ ಸವೆಯುತ್ತದೆ, ಮುಂದಿನ ಲಾರಿ ಎರಚುವ ಮರಳುಕಣಗಳಿಂದ ಗೀರು ಬೀಳುತ್ತದೆ. ಲೇಪ ಹೋದಲ್ಲಿ ಪ್ಲಾಸ್ಟಿಕ್ ಹಳದಿಯಾಗುತ್ತದೆ. ಬಿಸಿಲು ಹೆಚ್ಚಾಗಿ ಬೀಳುವ ಮೇಲ್ಭಾಗವೇ ಮೊದಲು ಮಸುಕಾಗುವುದನ್ನು ತಾವು ಕಂಡಿರಬಹುದು.

ಈ ಕ್ಷಯ ದಿನಕ್ಕೆ ಎಳ್ಳಿನಷ್ಟು ಮಾತ್ರ ನಡೆಯುವುದರಿಂದ ಕಾರಿನ ಒಡೆಯನಿಗೆ ಅದು ತಿಳಿಯುವುದೇ ಇಲ್ಲ. ನಿನ್ನೆಯ ಬೆಳಕಿಗೂ ಇಂದಿನ ಬೆಳಕಿಗೂ ಅವನ ಕಣ್ಣು ವ್ಯತ್ಯಾಸ ಕಾಣದು. 2018ರಲ್ಲಿ ಅಮೆರಿಕದ ಎಎಎ ಎಂಬ ವಾಹನ ಬಳಕೆದಾರರ ಸಂಘ ಸುಮಾರು ಹನ್ನೊಂದು ವರ್ಷ ಹಳೆಯ ಕಾರುಗಳ ಹೆಡ್‌ಲೈಟ್‌ಗಳನ್ನು ಪರೀಕ್ಷಿಸಿದಾಗ, ಹೊಸ ಹೆಡ್‌ಲೈಟ್ ಕೊಡುವ ಬೆಳಕಿನ ಸುಮಾರು ಐದನೆಯ ಒಂದು ಭಾಗವನ್ನಷ್ಟೇ ಅವು ಕೊಡುತ್ತಿದ್ದವು. ಉಳಿದ ಬೆಳಕಿನಲ್ಲಿ ಒಂದಷ್ಟು ಆ ಮಂಜಿನಲ್ಲಿಯೇ ಅಡಗುತ್ತದೆ. ಒಂದಷ್ಟು ರಸ್ತೆಗೆ ಬೀಳುವ ಬದಲು ದಿಕ್ಕುದಿಕ್ಕಿಗೆ ಚದುರಿ ಎದುರು ಬರುವವರ ಕಣ್ಣು ಕುಕ್ಕುತ್ತದೆ.

ಇನ್ನು ನನ್ನ ಕಥೆಗೆ ಬರುತ್ತೇನೆ. 2011ರಲ್ಲಿ ಕೊಂಡ ನಮ್ಮ ಸಣ್ಣ ಕಾರು ಜೆ.ಪಿ. ನಗರದ ನಮ್ಮ ಮನೆಯ ಮುಂದೆ, ಪಡುವಣ ಬಿಸಿಲಿಗೆ ಮುಖವೊಡ್ಡಿ, ಹನ್ನೆರಡು ವರ್ಷ ನಿಂತಿತ್ತು. ಮಕ್ಕಳು ದೂರದ ಊರುಗಳಿಗೆ ಹೋದ ಮೇಲೆ, ನನಗೂ ರಾತ್ರಿಯ ಹೊತ್ತು ಕಾರು ಓಡಿಸುವ ಧೈರ್ಯ ಕುಂದಿದ ಮೇಲೆ, 2023ರ ಫೆಬ್ರುವರಿಯಲ್ಲಿ ಅದನ್ನು ಮಾರಲು ನಿಶ್ಚಯಿಸಿದೆ. ನೋಡಲು ಬಂದ ಒಬ್ಬಿಬ್ಬರು ಹೆಡ್‌ಲೈಟ್‌ಗಳ ಕಡೆಗೆ ಬೊಟ್ಟು ಮಾಡಿ ಬೆಲೆ ಇಳಿಸಿ ಕೇಳಿದರು. ಹೊಸ ಜೋಡಿ ಹಾಕಿಸುವುದು ದುಬಾರಿ. ಬನಶಂಕರಿ ಎರಡನೇ ಹಂತದ ಅಡ್ಡರಸ್ತೆಯ ಒಂದು ಗ್ಯಾರೇಜಿನಲ್ಲಿ ಇದ್ದುದನ್ನೇ ಉಜ್ಜಿ ಹೊಸದರಂತೆ ಮಾಡಿಕೊಡುತ್ತಾರೆಂದು ಕೇಳಿ ಅಲ್ಲಿಗೆ ಹೋದೆ.

ಗ್ಯಾರೇಜಿನ ಹುಡುಗ ಹೆಡ್‌ಲೈಟ್ ಮೇಲೆ ಹೆಬ್ಬೆರಳಾಡಿಸಿ ನೋಡಿದ. ಆಮೇಲೆ ತಲೆಯೆತ್ತಿ ಕೇಳಿದ: “ಮಾರೋಕಾ ಸಾರ್, ಓಡ್ಸೋಕಾ?”

ನನಗೆ ಅರ್ಥವಾಗಲಿಲ್ಲ. ಅವನೇ ಬಿಡಿಸಿ ಹೇಳಿದ. ಕೆಲಸದ ಮೊದಲ ಭಾಗ ಎರಡಕ್ಕೂ ಒಂದೇ. ಸುತ್ತಲಿನ ಬಣ್ಣಕ್ಕೆ ಗೀರಾಗದಂತೆ ಟೇಪು ಅಂಟಿಸಿ, ನೀರು ಚಿಮುಕಿಸುತ್ತಾ ವಾಟರ್ ಪೇಪರಿನಿಂದ ಉಜ್ಜುವುದು; ಮೊದಲು 800 ನಂಬರಿನ ಒರಟು ಕಾಗದ, ಅನಂತರ 1000, 1500, 2000, ಹೀಗೆ ನಯವಾಗುತ್ತಾ ಹೋಗುವುದು; ಕಡೆಗೆ ಕಾಂಪೌಂಡ್ ಹಚ್ಚಿ ಯಂತ್ರದಿಂದ ತಿಕ್ಕಿ ಹೊಳಪು ತರುವುದು. “ಮಾರೋಕಾದ್ರೆ ಇಷ್ಟೇ ಸಾರ್, ಆರ್ನೂರು ರೂಪಾಯಿ. ಓಡ್ಸೋಕಾದ್ರೆ ಮೇಲೆ ಯು.ವಿ. ಕ್ಲಿಯರ್ ಕೋಟ್ ಹೊಡೀಬೇಕು. ಅದು ಒಣಗಬೇಕು, ಟೈಮ್ ಆಗುತ್ತೆ. ಸಾವಿರದ ಎಂಟ್ನೂರು.” ಕೋಟ್ ಇಲ್ಲದಿದ್ದರೆ ಏನಾಗುತ್ತದೆ ಎಂದು ಕೇಳಿದೆ. “ಏನಿಲ್ಲ, ಒಂದು ಬೇಸಿಗೆ ಒಂದು ಮಳೆಗಾಲ. ಆಮೇಲೆ ಮತ್ತೆ ಹಳದಿ” ಎಂದ.

ಓದುಗರೇ, ಈ ಮಾತಿನ ಮರ್ಮವನ್ನು ಗಮನಿಸಬೇಕು. ಉಜ್ಜಿದಾಗ ಹೋಗುವುದು ಕೊಳೆಯೊಂದೇ ಅಲ್ಲ. ಅಲ್ಲಲ್ಲಿ ಅಳಿದುಳಿದಿದ್ದ ಕಾರ್ಖಾನೆಯ ಲೇಪವೂ ಅದರೊಂದಿಗೆ ಹೋಗುತ್ತದೆ. ಹೊಸ ಲೇಪ ಕೊಡದೆ ಬಿಟ್ಟರೆ, ಹೊಳೆಯುವ ಆ ಪ್ಲಾಸ್ಟಿಕ್ ಬರಿಮೈಯಲ್ಲಿ ಬಿಸಿಲಿಗೆ ನಿಲ್ಲುತ್ತದೆ. ಟೂತ್‌ಪೇಸ್ಟ್ ಹಚ್ಚಿ ತಿಕ್ಕುವ ಮನೆಮದ್ದಿನ ಹೊಳಪೂ ಇದೇ ಕಾರಣಕ್ಕೆ ಬಹುಕಾಲ ಉಳಿಯದು. ಅಂದರೆ ಅಗ್ಗದ ಕೆಲಸ ಅರ್ಧ ಕೆಲಸ ಮಾತ್ರವಲ್ಲ. ಇಂದಿನ ಹೊಳಪಿಗಾಗಿ ನಾಳೆಯ ರಕ್ಷಣೆಯನ್ನು ಕೆರೆದು ಹಾಕುವ ಕೆಲಸ.

ಇದೆಲ್ಲವನ್ನೂ ತಿಳಿದೇ ನಾನು “ಮಾರೋಕೆ” ಎಂದೆ.

ಆ ವಾರದ ಕೊನೆಯಲ್ಲಿ ಬಿ.ಟಿ.ಎಂ. ಲೇಔಟಿನಿಂದ ಒಬ್ಬ ಯುವಕ ಬಂದ. ಅವನ ಹೆಂಡತಿ ಬನ್ನೇರುಘಟ್ಟ ರಸ್ತೆಯ ಕಡೆಯ ಒಂದು ಆಸ್ಪತ್ರೆಯಲ್ಲಿ ದಾದಿ. ಪಾಳಿ ಮುಗಿಸುವ ಹೊತ್ತಿಗೆ ಆಟೋ ಸಿಗುವುದಿಲ್ಲ, ಆದ್ದರಿಂದ ಕಾರು ಬೇಕು ಎಂದ. ಆಗಲೇ ಕತ್ತಲಾಗುತ್ತಿತ್ತು. ಅವನು ಕೀಲಿ ತಿರುಗಿಸಿ ದೀಪ ಹಚ್ಚಿ, ಎದುರು ಮನೆಯ ಗೋಡೆಯ ಮೇಲೆ ಬಿದ್ದ ಬೆಳಕನ್ನು ಕಂಡು ಹಿಗ್ಗಿದ. “ಎಷ್ಟು ಚೆನ್ನಾಗಿ ಇಟ್ಕೊಂಡಿದ್ದೀರಿ ಅಂಕಲ್! ಹನ್ನೆರಡು ವರ್ಷದ ಗಾಡಿ ಅಂತ ಹೇಳೋಕೇ ಆಗಲ್ಲ” ಎಂದ. ನಾನು ನಕ್ಕೆ, ಏನೂ ಹೇಳಲಿಲ್ಲ. ನಮೂನೆ 29 ಮತ್ತು 30ಕ್ಕೆ ಸಹಿ ಹಾಕಿದೆವು. ನೋಂದಣಿ ಸಂಖ್ಯೆ, ಚಾಸಿಸ್ ಸಂಖ್ಯೆ, ಎಂಜಿನ್ ಸಂಖ್ಯೆ, ಎಲ್ಲವನ್ನೂ ಸರಿಯಾಗಿ ಬರೆದೆವು. ಹೆಡ್‌ಲೈಟಿನ ಲೇಪವನ್ನು ಯಾವ ನಮೂನೆಯೂ ಕೇಳಲಿಲ್ಲ.

ನಾನು ಸುಳ್ಳು ಹೇಳಿದೆನೇ? ಒಂದು ಪದವನ್ನೂ ಹೇಳಲಿಲ್ಲ. ಈ ಪ್ರಶ್ನೆಯನ್ನು ನ್ಯಾಯವಾಗಿಯೇ ತೂಗೋಣ. ಮಾರುವ ಮುನ್ನ ಕಾರನ್ನು ತೊಳೆಯುವುದು ಮೋಸವಲ್ಲ. ಮಾರಲಿಟ್ಟ ವಸ್ತುವನ್ನು ತೊಳೆದಿಟ್ಟಿರುತ್ತಾರೆಂದು ಕೊಳ್ಳುವವನಿಗೂ ತಿಳಿದಿರುತ್ತದೆ. ಆ ಹೊಳಪಿನಿಂದ ಅವನು ತಪ್ಪು ತೀರ್ಮಾನಕ್ಕೆ ಬರುವುದಿಲ್ಲ. ಕೊಳ್ಳುವವನಿಗೂ ಕಣ್ಣುಂಟು, ಅವನು ಮೆಕ್ಯಾನಿಕ್ಕನ್ನು ಕರೆತರಬಹುದಿತ್ತು. ಬೆಲೆಯೂ ಹಳೆಯ ಕಾರಿಗೆ ತಕ್ಕ ಬೆಲೆಯೇ. ಎಲ್ಲರೂ ಮಾಡುವುದೂ ಇದನ್ನೇ. ಈ ಸಮಾಧಾನಗಳನ್ನೆಲ್ಲ ನಾನು ಅಂದು ಹೇಳಿಕೊಂಡೆ. ಇವುಗಳಲ್ಲಿ ಯಾವುದೂ ಪೂರ್ತಿ ಹುರುಳಿಲ್ಲದ ಮಾತಲ್ಲ. ಆದ್ದರಿಂದಲೇ ಅವು ಅಪಾಯಕಾರಿ.

ಈ ಚರ್ಚೆ ಹೊಸದೇನಲ್ಲ. ರೋಮಿನ ಸಿಸೆರೊ ಕ್ರಿ.ಪೂ. 44ರಲ್ಲಿ, ದೂರದಲ್ಲಿ ಓದುತ್ತಿದ್ದ ತನ್ನ ಮಗನಿಗಾಗಿ ಕರ್ತವ್ಯಗಳ ಕುರಿತು ಒಂದು ಗ್ರಂಥ ಬರೆದ. ವಾಸಕ್ಕೆ ಯೋಗ್ಯವಲ್ಲದ ಮನೆಯೊಂದನ್ನು, ಅದರ ದೋಷಗಳನ್ನು ತಾನೊಬ್ಬನೇ ಬಲ್ಲ ಒಡೆಯ ಸುಮ್ಮನೆ ಮಾರಿಬಿಡಬಹುದೇ ಎಂಬ ಪ್ರಶ್ನೆ ಅದರಲ್ಲಿ ಬರುತ್ತದೆ. ಹೇಳದಿರುವುದೆಲ್ಲ ಮುಚ್ಚಿಡುವುದಲ್ಲ ಎಂದು ಅವನು ಒಪ್ಪುತ್ತಾನೆ. ಆದರೆ ಯಾರಿಗೆ ತಿಳಿದರೆ ಒಳಿತೋ ಅವರಿಗೆ, ನಮ್ಮ ಲಾಭಕ್ಕಾಗಿ, ತಿಳಿಯದಿರಲಿ ಎಂದು ಬಯಸುವುದು ಮುಚ್ಚಿಡುವುದೇ ಸರಿ ಎಂದು ಗೆರೆ ಎಳೆಯುತ್ತಾನೆ.

ಹದಿಮೂರನೆಯ ಶತಮಾನದಲ್ಲಿ ಸಂತ ಥಾಮಸ್ ಅಕ್ವಿನಾಸರು ತಮ್ಮ ‘ಸುಮ್ಮಾ ಥಿಯೊಲೊಜಿಯೆ’ ಗ್ರಂಥದಲ್ಲಿ ಕೊಳ್ಳುವ ಮಾರುವ ವ್ಯವಹಾರದ ವಂಚನೆಗೇ ಒಂದು ಪ್ರಶ್ನೆಯನ್ನು ಮೀಸಲಿಟ್ಟರು. ಅವರು ಕೊಡುವ ಉದಾಹರಣೆ ಒಕ್ಕಣ್ಣಿನ ಕುದುರೆಯದು. ಒಂದು ಕಣ್ಣಿಲ್ಲದಿರುವುದು ನೋಡುವವರಿಗೆಲ್ಲ ಕಾಣುವ ಊನ. ಬೆಲೆಯನ್ನು ತಕ್ಕಂತೆ ಇಳಿಸಿದರೆ, ಅದನ್ನು ಬಾಯಿಬಿಟ್ಟು ಹೇಳಬೇಕಾದ ಹೊಣೆ ಮಾರುವವನಿಗಿಲ್ಲ. ಆದರೆ ಊನ ಮರೆಯಾಗಿದ್ದು, ಅದರಿಂದ ಕೊಳ್ಳುವವನಿಗೆ ನಷ್ಟವೋ ಅಪಾಯವೋ ಆಗುವಂತಿದ್ದರೆ, ಹೇಳಲೇಬೇಕು. ಹೇಳದೆ ಮಾರಿದವನು ಆ ನಷ್ಟವನ್ನು ತುಂಬಿಕೊಡಬೇಕು. ಇದನ್ನು ಓದಿದಾಗ ನನಗೆ ನಾಚಿಕೆಯಾಯಿತು. ನನ್ನ ಕಾರು ಮಂಜುಗಣ್ಣಿನಲ್ಲಿಯೇ ಇದ್ದಾಗ ಅದು ಒಕ್ಕಣ್ಣಿನ ಕುದುರೆಯಂತಿತ್ತು. ಅದರ ಊನವನ್ನು ಕಂಡೇ ಜನ ಬೆಲೆ ಇಳಿಸಿ ಕೇಳುತ್ತಿದ್ದರು. ಆರುನೂರು ರೂಪಾಯಿ ಕೊಟ್ಟು ನಾನು ಮಾಡಿದ್ದು ಊನದ ನಿವಾರಣೆಯಲ್ಲ. ಕಾಣುವ ಊನವನ್ನು ಕಾಣದ ಊನವಾಗಿ ಮಾರ್ಪಡಿಸಿದ್ದು.

ನಮ್ಮ ದೇಶದ ಕಾನೂನಿನಲ್ಲೂ ಒಂದು ಕುದುರೆಯಿದೆ. 1872ರ ಭಾರತೀಯ ಕರಾರು ಅಧಿನಿಯಮದ 17ನೆಯ ಪ್ರಕರಣ ವಂಚನೆಯೆಂದರೇನು ಎಂಬುದನ್ನು ವಿವರಿಸುತ್ತದೆ. ಸುಮ್ಮನಿರುವುದು ಸಾಮಾನ್ಯವಾಗಿ ವಂಚನೆಯಲ್ಲ ಎಂಬುದೇ ಅದರ ನಿಲುವು. ಕುದುರೆಗೆ ರೋಗವಿದೆಯೆಂದು ತಿಳಿದೂ ಒಬ್ಬ ಅದನ್ನು ಹರಾಜಿನಲ್ಲಿ ಮಾರಿ, ಏನನ್ನೂ ಹೇಳದಿದ್ದರೆ ಅದು ವಂಚನೆಯಾಗದು. ಆದರೆ ಕೊಳ್ಳುವವಳು ಆಗತಾನೆ ಪ್ರಾಯಕ್ಕೆ ಬಂದ ಅವನ ಸ್ವಂತ ಮಗಳಾಗಿದ್ದರೆ, ಆ ಸಂಬಂಧದ ದೆಸೆಯಿಂದಲೇ ಹೇಳುವುದು ಅವನ ಕರ್ತವ್ಯವಾಗುತ್ತದೆ. ಇನ್ನೊಂದು ಉದಾಹರಣೆ ನನ್ನನ್ನು ನೇರವಾಗಿ ತಟ್ಟಿತು. ನೀವು ಅಲ್ಲಗಳೆಯದಿದ್ದರೆ ಕುದುರೆ ಆರೋಗ್ಯವಾಗಿದೆಯೆಂದೇ ತಿಳಿಯುತ್ತೇನೆ ಎಂಬರ್ಥದಲ್ಲಿ ಕೊಳ್ಳುವವನು ಹೇಳಿದಾಗ ಮಾರುವವನು ಸುಮ್ಮನಿದ್ದರೆ, ಆ ಮೌನ ಮಾತಿಗೇ ಸಮ.

ಆ ಸಂಜೆ ಆ ಯುವಕ ಹೇಳಿದ್ದು ಇದನ್ನೇ ಅಲ್ಲವೇ? ಗೋಡೆಯ ಮೇಲಿನ ಬೆಳಕಿನಲ್ಲಿ ಅವನು ಓದಿದ್ದು ಹನ್ನೆರಡು ವರ್ಷಗಳ ನನ್ನ ಜತನವನ್ನು. ಅಂಥ ಜತನ ಇರಲಿಲ್ಲ. ಇದ್ದದ್ದು ಎರಡು ಗಂಟೆಯ ಉಜ್ಜುವಿಕೆ. ನನ್ನ ನಗು ಅವನ ಮಾತಿಗೆ ಹೌದೆಂದಿತು. ನ್ಯಾಯಾಲಯ ಇದನ್ನು ವಂಚನೆಯೆನ್ನುತ್ತಿತ್ತೇ ಎಂಬುದು ವಕೀಲರಿಗೆ ಬಿಟ್ಟ ವಿಷಯ. ನನಗೆ ಆ ತೀರ್ಪಿನ ಅಗತ್ಯವಿರಲಿಲ್ಲ. ನನ್ನ ಮಗಳೇ ಆ ಕಾರನ್ನು ಕೊಳ್ಳಲು ಬಂದಿದ್ದರೆ ಗ್ಯಾರೇಜಿನ ಹುಡುಗನಿಗೆ ನಾನು ಯಾವ ಉತ್ತರ ಕೊಡುತ್ತಿದ್ದೆನೆಂಬುದು ನನಗೆ ಗೊತ್ತಿತ್ತು. ನೆರೆಯವರು ಯಾರೆಂಬ ಪ್ರಶ್ನೆ ಈ ಪತ್ರಿಕೆಯ ಓದುಗರಿಗೆ ಹೊಸತಲ್ಲ. ಕಾನೂನು ಮಗಳವರೆಗೆ ಬಂದು ನಿಲ್ಲಬಹುದು. ನಾವು ಅಲ್ಲಿಯೇ ನಿಲ್ಲಬಹುದೇ?

ಇನ್ನೂ ಒಂದು ವಿಷಯವಿದೆ. ಕಾರಿನ ವ್ಯವಹಾರದಲ್ಲಿ ಮಾರುವವನು, ಕೊಳ್ಳುವವನು ಇಬ್ಬರೇ ಎಂದು ನಾವು ತಿಳಿಯುತ್ತೇವೆ. ಆದರೆ ಹೆಡ್‌ಲೈಟಿನ ಬೆಳಕು ಬೀಳುವುದು ಮೂರನೆಯವರ ಮೇಲೆ. ಆ ವರ್ಷ ಬನ್ನೇರುಘಟ್ಟ ರಸ್ತೆಯಲ್ಲಿ ಮೆಟ್ರೊ ಕಾಮಗಾರಿ ನಡೆದಿತ್ತು. ರಾತ್ರಿಯ ಹೊತ್ತು ಬ್ಯಾರಿಕೇಡುಗಳ ನಡುವೆ ನುಸುಳಿ ರಸ್ತೆ ದಾಟುವ ಕೂಲಿಯವನು, ಹೂವಿನ ಬುಟ್ಟಿ ಹೊತ್ತ ಹೆಂಗಸು ಯಾವ ನಮೂನೆಗೂ ಸಹಿ ಹಾಕಿದವರಲ್ಲ, ಯಾವ ಬೆಲೆಯನ್ನೂ ಚೌಕಾಸಿ ಮಾಡಿದವರಲ್ಲ. ಚಾಲಕ ತಮ್ಮನ್ನು ಕಾಣುತ್ತಾನೆಂಬ ನಂಬಿಕೆಯೊಂದೇ ಅವರ ಕೈಯಲ್ಲಿರುವುದು. ಕೊಳ್ಳುವವನೇ ಎಚ್ಚರವಾಗಿರಬೇಕೆಂಬ ಮಾತು ಅವರ ಪಾಲಿಗೆ ಅರ್ಥವಿಲ್ಲದ್ದು.

ಅದೇ ವರ್ಷದ ನವೆಂಬರಿನಲ್ಲಿ ಜಯನಗರ ನಾಲ್ಕನೇ ಬ್ಲಾಕಿನ ಮಾರುಕಟ್ಟೆಯ ಬಳಿ ನಿಂತಿದ್ದಾಗ ಪರಿಚಿತವಾದ 05ರ ಸಂಖ್ಯೆಯೊಂದು ಕಣ್ಣಿಗೆ ಬಿತ್ತು. ನಮ್ಮ ಕಾರೇ. ಒಂದು ಬೇಸಿಗೆ, ಒಂದು ಮಳೆಗಾಲ ಕಳೆದಿದ್ದವು. ಎರಡೂ ಕಣ್ಣುಗಳು ಹಳದಿಯಾಗಿದ್ದವು. ನಾನು ಬಲ್ಲ ಹಳದಿಗಿಂತ ಗಾಢವಾದ ಹಳದಿ.

ಅಂದು ರಾತ್ರಿ ನಿದ್ರೆ ಬರಲಿಲ್ಲ. ಮಾರನೆಯ ದಿನ ಆ ಯುವಕನಿಗೆ ದೂರವಾಣಿ ಮಾಡಿ ನಡೆದುದನ್ನು ಹೇಳಿದೆ. ಅವನು ಸಿಟ್ಟಾಗಬಹುದೆಂದು ಅಂಜಿದ್ದೆ. ಸ್ವಲ್ಪ ಹೊತ್ತು ಸುಮ್ಮನಿದ್ದು ಅವನು ಹೇಳಿದ: “ನಾನೇ ಸರಿಯಾಗಿ ನೋಡ್ಕೊಳ್ಳಲಿಲ್ಲ ಅಂದ್ಕೊಂಡಿದ್ದೆ ಅಂಕಲ್. ನಿಮ್ಮನೇಲಿ ಹನ್ನೆರಡು ವರ್ಷ ಚೆನ್ನಾಗಿತ್ತು, ನಮ್ಮನೇಗೆ ಬಂದು ಒಂಬತ್ತು ತಿಂಗಳಿಗೆ ಹೀಗಾಯ್ತಲ್ಲ ಅಂತ ನನ್ನ ಹೆಂಡತಿ ದಿನಾ ಬೈತಿದ್ಲು.”

ಸಿಟ್ಟಿನ ಮಾತುಗಳಿಗಿಂತ ಈ ಮಾತು ನನ್ನನ್ನು ಹೆಚ್ಚು ನೋಯಿಸಿತು. ಮುಚ್ಚಿಟ್ಟ ದೋಷದ ಸ್ವಭಾವವೇ ಹೀಗೆ. ಅದು ಹಣದ ನಷ್ಟವನ್ನಷ್ಟೇ ದಾಟಿಸುವುದಿಲ್ಲ. ತಪ್ಪಿನ ಹೊರೆಯನ್ನೂ ತಪ್ಪು ಮಾಡದವನ ಹೆಗಲಿಗೆ ದಾಟಿಸುತ್ತದೆ. ನಾನು ಜತನದವನೆಂಬ ಹೆಸರನ್ನು ಉಚಿತವಾಗಿ ಪಡೆದೆ. ಅಜಾಗರೂಕನೆಂಬ ಹೆಸರನ್ನು ಅವನು ತನ್ನ ಮನೆಯಲ್ಲಿಯೇ ಹೊತ್ತುಕೊಂಡ.

ಆ ಶನಿವಾರ ಇಬ್ಬರೂ ಬನಶಂಕರಿಯ ಅದೇ ಗ್ಯಾರೇಜಿಗೆ ಹೋದೆವು. ಈ ಸಲ ಕೆಲಸವನ್ನು ಮೊದಲಿನಿಂದ ಕೊನೆಯವರೆಗೆ ನಿಂತು ನೋಡಿದೆ. ವಾಟರ್ ಪೇಪರ್ ಉಜ್ಜಿದಾಗ ಹಳದಿಯ ಹಾಲಿನಂಥ ನೀರು ಹರಿಯಿತು. ಆಮೇಲೆ ಆ ಪ್ಲಾಸ್ಟಿಕ್ ಇನ್ನಷ್ಟು ಮಬ್ಬಾಗಿ, ಪೂರ್ತಿ ಬಿಳುಚಿಕೊಂಡಿತು. ಹಾಳಾಯಿತೇನೋ ಎಂದು ಯುವಕ ಗಾಬರಿಯಾದ. ಆ ಹಂತ ಬಾರದೆ ಕೆಲಸ ಆಗುವುದಿಲ್ಲವೆಂದು ಹುಡುಗ ನಕ್ಕ. ನಯವಾದ ಕಾಗದಗಳು, ಕಾಂಪೌಂಡ್ ಆದ ಮೇಲೆ ಹೊಳಪು ಬಂತು. ಅಲ್ಲಿಗೇ ನಿಲ್ಲಿಸದೆ, ಜಿಡ್ಡು ಉಳಿಯದಂತೆ ಒರೆಸಿ, ಧೂಳು ಬೀಳದ ಮೂಲೆಯಲ್ಲಿ ನಿಲ್ಲಿಸಿ, ಕ್ಲಿಯರ್ ಕೋಟ್ ಸಿಂಪಡಿಸಿ ಒಣಗಲು ಬಿಟ್ಟ. ಹಣ ನಾನು ಕೊಟ್ಟೆ. ಕಾಯುವಾಗ ಕುಡಿದ ಕಾಫಿಯ ಹಣವನ್ನು ಅವನು ನನಗೆ ಕೊಡಗೊಡಲಿಲ್ಲ.

ಕೋಟ್ ಕೊಡುವ ಮುನ್ನ ಮತ್ತು ಕೊಟ್ಟ ಮೇಲೆ ಹೆಡ್‌ಲೈಟ್ ನೋಡಲು ಹೆಚ್ಚುಕಡಿಮೆ ಒಂದೇ ರೀತಿ ಇತ್ತು. ಹೆಚ್ಚು ಹಣ, ಹೆಚ್ಚು ಸಮಯ ಹಿಡಿದ ಭಾಗವೇ ಕಣ್ಣಿಗೆ ಕಾಣದ ಭಾಗ. ಒಳ್ಳೆಯ ಕೆಲಸವನ್ನು ತೋರಿಕೆಯ ಕೆಲಸದಿಂದ ಬೇರೆ ಮಾಡುವುದು ಹಲವು ವೇಳೆ ಇಂಥ ಕಾಣದ ಭಾಗವೇ. ಅದನ್ನು ಬಿಟ್ಟವನು ಕೂಡಲೇ ಸಿಕ್ಕಿಬೀಳುವುದಿಲ್ಲ. ಮಾಡಿದವನಿಗೆ ಕೂಡಲೇ ಹೊಗಳಿಕೆಯೂ ಸಿಗುವುದಿಲ್ಲ.

ಕಾರಿಲ್ಲದವರಿಗೆ ಈ ಮಾತು ಸಲ್ಲದೆಂದು ತಿಳಿಯಬೇಡಿ. ಬಾಡಿಗೆಗೆ ಕೊಡುವ ಮುನ್ನ ನೀರು ಜಿನುಗುವ ಗೋಡೆಗೆ ಸುಣ್ಣ ಬಣ್ಣ ಬಳಿಸುವ ಮನೆಯೊಡೆಯರು ನಮ್ಮಲ್ಲಿದ್ದಾರೆ. ಮೊದಲ ಮಳೆಗೆ ಬಾಡಿಗೆದಾರನ ಮಗುವಿನ ಮಂಚದ ಪಕ್ಕದಲ್ಲಿಯೇ ಬೂಸಲು ಹಿಡಿಯುತ್ತದೆ. ಸಂಬಂಧ ಕುದುರಿಸುವಾಗ ಹುಡುಗನ ಸಾಲವನ್ನೋ ಕಾಯಿಲೆಯನ್ನೋ ಮಾತಿನ ಹೊಳಪಿನಲ್ಲಿ ಮರೆಸುವ ಹಿರಿಯರಿದ್ದಾರೆ. ಮನೆಯ ಜಗಳವನ್ನು ಹಬ್ಬದ ದಿನ ನೆಂಟರ ಮುಂದೆ ಒಂದು ಫೋಟೊಗಾಗಿ ರಾಜಿ ಮಾಡಿಕೊಂಡು, ಅದರ ಕಾರಣವನ್ನು ಮುಟ್ಟದೆ ಬಿಡುವವರು ನಾವೇ ಇದ್ದೇವೆ. ಇಂಥ ಪ್ರತಿಯೊಂದು ದುರಸ್ತಿಯ ಮುಂದೆಯೂ ಗ್ಯಾರೇಜಿನ ಆ ಹುಡುಗ ನಿಂತು ತನ್ನ ಪ್ರಶ್ನೆಯನ್ನು ಕೇಳುತ್ತಾನೆಂದು ಭಾವಿಸಿ. ಅವನು ಕೇಳಿದ್ದು ಕುಹಕದಿಂದಲ್ಲ. ಎರಡು ಬಗೆಯ ಗಿರಾಕಿಗಳನ್ನು ಕಂಡು ಪ್ರಾಮಾಣಿಕವಾಗಿಯೇ ಕೇಳಿದ.

ಕಾರುಳ್ಳವರಿಗೆ ಒಂದೆರಡು ವಿನಂತಿಗಳು. ಇಂದು ರಾತ್ರಿ ಕಾರನ್ನು ಗೋಡೆಯೆದುರು ನಿಲ್ಲಿಸಿ ದೀಪ ಹಚ್ಚಿ ನೋಡಿ. ಮಸುಕು ಹೊರಮೈಯದಾದರೆ ಉಜ್ಜಿ ಸರಿಪಡಿಸಬಹುದು. ಒಳಗೆ ತೇವ ಸೇರಿ ಬಂದ ಮಂಜಾದರೆ ಹೊರಗೆ ಎಷ್ಟು ಉಜ್ಜಿದರೂ ಫಲವಿಲ್ಲ. ಆಗಲೇ ಹೇಳಿದ ಪರೀಕ್ಷೆಯಲ್ಲಿ ದುರಸ್ತಿಯಾದ ಹೆಡ್‌ಲೈಟ್‌ಗಳು ಹೊಸದರ ಬೆಳಕಿನ ಸುಮಾರು ನೂರಕ್ಕೆ ಎಪ್ಪತ್ತು ಭಾಗವನ್ನು ಮರಳಿ ಪಡೆದವು. ಪೂರ್ತಿ ಹೊಸದಾಗದು; ಆದರೆ ರಸ್ತೆ ದಾಟುವವರು ಕಾಣಿಸುತ್ತಾರೆ. ಉಜ್ಜಿಸಿದ ಮೇಲೆ ಲೇಪ ಕೊಡಿಸಲು ಮರೆಯಬೇಡಿ. ಕಾರನ್ನು ಮಾರುವುದಾದರೆ ಒಂದೋ ಲೇಪ ಕೊಡಿಸಿ ಮಾರಿ, ಇಲ್ಲವೇ ಉಜ್ಜಿಸದೆ ಇದ್ದುದನ್ನು ಇದ್ದಂತೆ ತೋರಿಸಿ ಬೆಲೆ ಇಳಿಸಿ.

ಆ ಯುವಕ ಈಗಲೂ ಆಗಾಗ ದೂರವಾಣಿ ಮಾಡುತ್ತಾನೆ. ಕಳೆದ ಸಲ ಮಾತಾಡಿದಾಗ ದೀಪ ಹೇಗಿದೆಯೆಂದು ಕೇಳಿದೆ. “ಚೆನ್ನಾಗಿದೆ ಅಂಕಲ್, ನಾನೂ ಈಗ ನೆರಳಲ್ಲೇ ನಿಲ್ಲಿಸ್ತೀನಿ” ಎಂದ. ಈ ಸಲ ಆ ಮಾತನ್ನು ಕೇಳಿ ನಕ್ಕಾಗ ನನ್ನ ಮನಸ್ಸಿಗೆ ಅಳುಕಾಗಲಿಲ್ಲ.